ಪಕ್ಕದ ಸೀಟಿನ ಬ್ರೇಕು

ತಿರುವು ಬಂದಾಗಲೆಲ್ಲ ಮೇಷ್ಟ್ರ ಬಲಗಾಲು ತನ್ನ ಪಾಡಿಗೆ ತಾನು ಮುಂದೆ ಹೋಗಿ ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಅಲ್ಲಿ ಬ್ರೇಕಿರಲಿಲ್ಲ. ರಬ್ಬರು ಹಾಸಿದ ನೆಲವಿತ್ತು, ಯಾರದೋ ಕೋಟಿನಿಂದ ಕಿತ್ತುಬಿದ್ದ ಗುಂಡಿಯೊಂದಿತ್ತು, ಅಷ್ಟೆ. ಇದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ, ಕಾಲಿಗೂ ಗೊತ್ತಾಗಬೇಕಲ್ಲ. ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಿ ಕಲಿಸುವವನ ಕಾಲ ಕೆಳಗೂ ಒಂದು ಬ್ರೇಕಿರುತ್ತದೆ. ಕಲಿಯುವವನು ಗಾಬರಿಬಿದ್ದು ಗೋಡೆಗೋ ಗಟಾರಕ್ಕೋ ನುಗ್ಗಿಸಲು ಹೊರಟಾಗ ಪಕ್ಕದಲ್ಲಿ ಕೂತವನು ಅದನ್ನು ಒತ್ತಿ ಇಬ್ಬರ ಪ್ರಾಣವನ್ನೂ ಉಳಿಸಬೇಕು. ಮೇಷ್ಟ್ರು ತಮ್ಮ ಇಡೀ ದುಡಿಮೆಯ ಕಾಲವನ್ನು ಆ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಕಳೆದಿದ್ದರು. ಅವರಿಂದ ಕಲಿತವರು ಬೆನ್ನ ಹಿಂದೆ ಅವರನ್ನು ಬ್ರೇಕ್ ಮೇಷ್ಟ್ರು ಅನ್ನುತ್ತಿದ್ದರು, ಎದುರಿಗೆ ಬರೀ ಮೇಷ್ಟ್ರು. ಸ್ಕೂಲಿನ ಬೋರ್ಡು ಇಳಿಸಿ ಮನೆಯಲ್ಲಿ ಕೂತ ಮೇಲೂ ಊಟದ ಮೇಜಿನ ಕೆಳಗೆ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ, ಕನಸಿನಲ್ಲಿ ಕೂಡ ಆ ಕಾಲು ಒತ್ತುತ್ತಲೇ ಇತ್ತು. ಈಗ, ಬೆಟ್ಟಗಳ ನಡುವೆ ಹಾವಿನಂತೆ ಸುತ್ತಿಕೊಂಡು ಹೋಗುವ ಈ ದೂರದ ಸೀಮೆಯ ಹಳ್ಳಿ ರಸ್ತೆಯಲ್ಲಿ, ಯಾರೋ ಓಡಿಸುವ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿರುವಾಗ, ಆ ಕಾಲಿಗೆ ಬಿಡುವೇ ಇರಲಿಲ್ಲ. ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸ್ತಾನೆ ಮಹಾರಾಯ, ಎಂದು ಅವರು ಗೊಣಗಿದರು. ಇಳಿಜಾರಿನಲ್ಲಿ ಗೇರು ಇಳಿಸಬೇಕು ಅನ್ನೋ ಜ್ಞಾನ ಬೇಡವಾ. ಬಸ್ಸು ಸದ್ದಿಲ್ಲದೆ, ತೊಟ್ಟಿಲಿನ ಹಾಗೆ, ತಿರುವು ದಾಟಿತು.

"ರೀ, ಅಲ್ನೋಡಿ, ಕುದುರೆ ಮರಿ! ತಾಯಿ ಹೊಟ್ಟೆ ಕೆಳಗೇ ನಿಂತ್ಕೊಂಡಿದೆ," ಎಂದಳು ಹೆಂಡತಿ. ಕಿಟಕಿಯ ಪಕ್ಕ ಕೂತಿದ್ದ ಅವಳ ಮೂಗು ಗಾಜಿಗೆ ತಾಗಿ ಚಪ್ಪಟೆಯಾಗಿತ್ತು.

"ಹೂಂ," ಎಂದರು ಮೇಷ್ಟ್ರು.

ಅವರು ನೋಡಿರಲಿಲ್ಲ. ಬೆಳಗಿನಿಂದ ಇಂಥ ಎಷ್ಟು ಹೂಂಗಳನ್ನು ಅಂದಿದ್ದರೋ. ಗಾಳಿಗಿರಣಿಗೆ ಒಂದು ಹೂಂ, ಕಲ್ಲಿನ ಸೇತುವೆಗೆ ಒಂದು ಹೂಂ, ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಕೈಬೀಸಿದ್ದಕ್ಕೆ ಒಂದು ಹೂಂ. ಅವರಿಗೆ ಕಾಣುತ್ತಿದ್ದುದು ಎದುರಿನ ರಸ್ತೆಯೊಂದೇ, ಅದೂ ಕೊಳವೆಯೊಳಗಿಂದ ನೋಡಿದ ಹಾಗೆ. ಕುತ್ತಿಗೆ ತಿರುಗಿಸಿದರೆ ಕುದುರೆ ಮರಿಯೂ ಕಾಣುತ್ತಿತ್ತು. ಆದರೆ ಕುತ್ತಿಗೆ ತಿರುಗಿಸಿದರೆ ರಸ್ತೆಯನ್ನು ನೋಡುವವರು ಯಾರು? ಪ್ರವಾಸಕ್ಕೆ ಹೊರಡುವ ಮುಂಚೆ ಕಣ್ಣಿನ ಡಾಕ್ಟರು ಅವರನ್ನು ಬಿಳಿಯ ಬೋಗುಣಿಯಂಥ ಯಂತ್ರದ ಮುಂದೆ ಕೂರಿಸಿ, ನಡುವಿನ ಚುಕ್ಕೆಯನ್ನೇ ನೋಡ್ತಾ ಇರಿ, ಎಲ್ಲಾದ್ರೂ ಬೆಳಕು ಮಿಣುಕಿದ್ರೆ ಗುಂಡಿ ಒತ್ತಿ, ಎಂದಿದ್ದರು. ಒತ್ತುವುದರಲ್ಲಿ ತಮ್ಮನ್ನು ಮೀರಿಸುವವರು ಯಾರಿದ್ದಾರೆ ಎಂದುಕೊಂಡೇ ಮೇಷ್ಟ್ರು ಕೂತದ್ದು. ಸ್ವಲ್ಪ ಹೊತ್ತು ಏನೂ ಮಿಣುಕಲಿಲ್ಲ. ಕೋಣೆಯಲ್ಲಿ ಯಂತ್ರ ಮಾತ್ರ ಟಿಕ್ ಟಿಕ್ ಎನ್ನುತ್ತಿತ್ತು. ಆ ಸದ್ದು ಬಂದಾಗಲೆಲ್ಲ ಎಲ್ಲೋ ಬೆಳಕು ಬಂದಿರಬೇಕು ಎಂದು ಲೆಕ್ಕ ಹಾಕಿ ಅವರು ಸದ್ದಿಗೆ ಸರಿಯಾಗಿ ಒತ್ತತೊಡಗಿದರು. ಪರೀಕ್ಷೆಯಲ್ಲಿ ಪಕ್ಕದವನನ್ನು ನೋಡಿ ಬರೆಯುವ ಹುಡುಗನ ಕಳ್ಳ ಸಂತೋಷ ಅವರಿಗಾಯಿತು. ಡಾಕ್ಟರು ಬೈಯಲಿಲ್ಲ. "ಮೇಷ್ಟ್ರೇ, ಬೆಳಕೇ ಇಲ್ಲದಾಗ ಒತ್ತಿದ್ದನ್ನೂ ಯಂತ್ರ ಹೇಳುತ್ತೆ," ಎಂದು ನಕ್ಕರು, ಅಷ್ಟೆ. ಆ ನಗೆಗೆ ಮೇಷ್ಟ್ರ ಕಿವಿ ಬಿಸಿಯಾಯಿತು. ಆಮೇಲೆ ಡಾಕ್ಟರು ಹೇಳಿದ್ದು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಎದುರಿನ ನೋಟ ಚೆನ್ನಾಗಿದೆ. ಅಂಚು ಹೋಗಿದೆ, ಎರಡೂ ಕಡೆ. ಹೋದದ್ದು ಬರಲ್ಲ, ಇರೋದನ್ನ ಉಳಿಸ್ಕೊಳ್ಳೋಣ. ಗಾಡಿ ಓಡಿಸೋದು ಮಾತ್ರ ಇವತ್ತಿಂದ ಬಿಟ್ಬಿಡಿ.

ಹೆಂಡತಿಗೆ ಅವರು ಹೇಳಿದ್ದು ಬೇರೆ. "ಗಾಡಿ ಗೇರ್‌ಬಾಕ್ಸ್ ಹೋಗಿದೆ. ಸಾಮಾನು ದೂರದಿಂದ ಬರಬೇಕಂತೆ." ಗಾಡಿ ಗೆಳೆಯನ ಗ್ಯಾರೇಜಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಗುಂಡುಕಲ್ಲಿನ ಹಾಗೆ ನಿಂತಿತ್ತು, ಅದರ ಗೇರ್‌ಬಾಕ್ಸಿಗೆ ನೆಗಡಿ ಕೂಡ ಆಗಿರಲಿಲ್ಲ. ಸುಳ್ಳು ಹೇಳುವುದು ಅವರ ಜಾಯಮಾನವಲ್ಲ. ಆದರೆ ಈ ಪ್ರವಾಸ ಮದುವೆಯಾದಾಗಿನಿಂದ ಕೊಟ್ಟುಕೊಂಡು ಬಂದ ಮಾತು. ಹೆಂಡತಿ ಸೂಜಿ ದಾರ ಇಟ್ಟುಕೊಳ್ಳುವ ಹಳೆಯ ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲೆ ಈ ಸೀಮೆಯದೊಂದು ಕೆರೆಯ ಚಿತ್ರವಿತ್ತು. ಸುತ್ತ ಹಸಿರು ಬೆಟ್ಟ, ನಡುವೆ ನೀಲಿ ನೀರು, ದಡದಲ್ಲಿ ಒಂದು ದೋಣಿ. ಕೆಲಸ ಬಿಟ್ಟ ಮೇಲೆ ನಾನೇ ಓಡಿಸಿಕೊಂಡು ಅಲ್ಲಿಗೆ ಕರ್ಕೊಂಡು ಹೋಗ್ತೀನಿ ಕಣೇ, ನಿನಗೆ ಎಲ್ಲಿ ನಿಲ್ಲಿಸಬೇಕು ಅನ್ಸುತ್ತೋ ಅಲ್ಲಿ ನಿಲ್ಲಿಸ್ತೀನಿ, ಎಂದು ಅವರು ಎಷ್ಟು ಸಲ ಹೇಳಿದ್ದರೋ. ಅವಳಿಗೆ ಕೊಡಲು ತಮ್ಮ ಬಳಿ ಇದ್ದದ್ದೇ ಅದು ಎಂದು ಅವರ ನಂಬಿಕೆ. ಒಡವೆ ಕೊಟ್ಟಿರಲಿಲ್ಲ, ಬಂಗಲೆ ಕಟ್ಟಿಸಿರಲಿಲ್ಲ. ಆದರೆ ಅವಳು ಪಕ್ಕದಲ್ಲಿ ಕೂತರೆ ಕೂದಲೂ ಕೊಂಕದ ಹಾಗೆ ಕರೆದುಕೊಂಡು ಹೋಗಿ ಕರೆದುಕೊಂಡು ಬರುತ್ತಿದ್ದರು. ಆ ಒಂದು ನಂಬಿಕೆಯನ್ನು ಅವಳ ಕಣ್ಣಿನಿಂದ ಇಳಿಸಿಬಿಟ್ಟರೆ ತಾನು ಏನಾಗಿ ಉಳಿಯುತ್ತೇನೆ ಎಂಬುದು ಅವರಿಗೆ ತಿಳಿಯಲಿಲ್ಲ. ತಮಾಷೆಯೆಂದರೆ, ಗೇರ್‌ಬಾಕ್ಸಿನ ಸುದ್ದಿ ಕೇಳಿ ಹೆಂಡತಿ ಪೆಚ್ಚಾಗುತ್ತಾಳೆ, ಸಮಾಧಾನ ಮಾಡಬೇಕು ಎಂದು ಅವರು ಮಾತು ಜೋಡಿಸಿಕೊಂಡು ಬಂದಿದ್ದರೆ, ಅವಳು ಬಟ್ಟೆ ಮಡಚುತ್ತಾ, "ಅಯ್ಯೋ, ಅದಕ್ಕೇನು, ಬಸ್ಸಲ್ಲೇ ಹೋಗೋಣ ಬಿಡಿ. ಒಳ್ಳೇದೇ ಆಯ್ತು," ಎಂದುಬಿಟ್ಟಳು. ಒಳ್ಳೇದೇ ಆಯ್ತು! ಆ ಮಾತು ಅವರಿಗೆ ಮುಳ್ಳಿನ ಹಾಗೆ ಚುಚ್ಚಿ ಅಲ್ಲೇ ಉಳಿಯಿತು. ಪಾಪ, ನನಗೆ ಬೇಜಾರಾಗಬಾರದು ಅಂತ ಹಾಗಂದಿದ್ದಾಳೆ, ಎಂದು ಸಮಾಧಾನ ಮಾಡಿಕೊಂಡರು.

ಬಸ್ಸು ಏರು ಹತ್ತಿ ಇನ್ನೊಂದು ಇಳಿಜಾರಿಗೆ ಬಿತ್ತು. ಎದುರಿನ ಬೇಲಿಯ ಸಂದಿನಿಂದ ಒಂದು ಕುರಿ ರಸ್ತೆಗೆ ಜಿಗಿಯಿತು. "ಬ್ರೇಕ್!" ಎಂದು ಯಾರೋ ಕೂಗಿದರು. ಎಂಥ ಕೂಗು ಅದು, ಎದೆ ಒಡೆಯುವ ಕೂಗು. ಡ್ರೈವರು ಬೆಚ್ಚಿಬಿದ್ದು ಗಕ್ಕನೆ ನಿಲ್ಲಿಸಿದ. ಬುಟ್ಟಿಗಳು ಉರುಳಿದವು, ಒಬ್ಬ ಅಜ್ಜಿಯ ಕನ್ನಡಕ ಜಾರಿತು, ಹಿಂದೆಲ್ಲೋ ಮಲಗಿದ್ದ ಮಗು ಎದ್ದು ರಾಗ ತೆಗೆಯಿತು. ಕುರಿ ಬಹಳ ದೂರದಲ್ಲಿತ್ತು. ಅದು ಆರಾಮಾಗಿ ರಸ್ತೆ ದಾಟಿ, ಆಚೆ ಬದಿಯಲ್ಲಿ ನಿಂತು, ಯಾಕೆ ನಿಂತ್ರಿ ಎನ್ನುವ ಹಾಗೆ ಬಸ್ಸನ್ನು ನೋಡಿತು. ಕೂಗಿದವರು ತಾವೇ ಎಂಬುದು ಮೇಷ್ಟ್ರಿಗೆ ತಿಳಿದದ್ದು ಎಲ್ಲರೂ ತಮ್ಮನ್ನೇ ನೋಡುತ್ತಿದ್ದುದರಿಂದ.

"ಸಾರ್, ನೀವು ಓಡಿಸ್ತೀರಾ, ನಾನು ಓಡಿಸ್ಲಾ?" ಎಂದ ಡ್ರೈವರು. ಸಿಟ್ಟಿನಿಂದಲ್ಲ. ಅದೇ ಕಷ್ಟವಾದದ್ದು.

ಬಸ್ಸೆಲ್ಲ ನಕ್ಕಿತು. ಕನ್ನಡಕದ ಅಜ್ಜಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಮೇಷ್ಟ್ರು ತಲೆ ತಗ್ಗಿಸಿ ನೆಲದ ಮೇಲಿನ ಗುಂಡಿಯನ್ನು ನೋಡುತ್ತಾ ಕೂತರು. ಅವರಿಗೆ ನೆನಪಾದದ್ದು ಬೇರೆ ರಸ್ತೆ, ಬೇರೆ ಬ್ರೇಕು. ಡಾಕ್ಟರ ಬಳಿ ಹೋಗುವ ಸ್ವಲ್ಪ ದಿನ ಮುಂಚೆ, ಮನೆಯ ಹತ್ತಿರದ ಮಾರುಕಟ್ಟೆಯ ತಿರುವಿನಲ್ಲಿ, ಕೈಚೀಲ ಹಿಡಿದ ಹೆಂಗಸೊಬ್ಬಳು ನೆಲದೊಳಗಿಂದ ಎದ್ದುಬಂದ ಹಾಗೆ ಗಾಡಿಯ ಮುಂದೆ ಕಾಣಿಸಿಕೊಂಡಿದ್ದಳು. ಮೇಷ್ಟ್ರು ನಿಲ್ಲಿಸಿದರು, ನಿಲ್ಲಿಸಿದ್ದು ಕೂದಲೆಳೆಯಲ್ಲಿ ಎಂಬುದನ್ನು ಅವಳ ಮುಖ ಹೇಳುತ್ತಿತ್ತು. ಅವಳು ಬಾನೆಟ್ಟಿನ ಮೇಲೆ ಕೈಯಿಟ್ಟು ನಡುಗುತ್ತಾ ನಿಂತಿದ್ದಳು. ಆಗ ಅವರು ಗಾಜು ಇಳಿಸಿ, ಕಣ್ಣು ಕಾಣಲ್ವೇನಮ್ಮಾ, ಎಂದು ಬೈದಿದ್ದರು. ಆ ಮಾತು ಈಗ ಬಸ್ಸಿನ ನಗುವಿನ ನಡುವೆ ಬಂದು ಅವರ ಪಕ್ಕದಲ್ಲೇ ಕೂತಿತು. ಹೆಂಡತಿ ಎದ್ದು ಅವರ ತೋಳು ಹಿಡಿದು, "ಬನ್ನಿ, ಹಿಂದೆ ಹೋಗಿ ಕೂತ್ಕೊಳ್ಳೋಣ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ," ಎಂದಳು. ಮುಂದಿನ ಸೀಟಿನಿಂದ ಕಡೆಯ ಸೀಟಿಗೆ ಅವಳ ಹಿಂದೆ ಅವರು ನಡೆದುಹೋದದ್ದು, ತರಗತಿಯಿಂದ ಆಚೆ ಹಾಕಿಸಿಕೊಂಡ ಹುಡುಗನ ನಡಿಗೆ. ಸೀಟುಗಳ ನಡುವೆ ಉರುಳಿಬಿದ್ದಿದ್ದ ಒಂದು ಬುಟ್ಟಿ ಅವರಿಗೆ ಕಾಣಲಿಲ್ಲ, ಎಡವಿದರು. ಹೆಂಡತಿ ತಿರುಗಿ ನೋಡಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

ಕಡೆಯ ಸೀಟಿನಿಂದ ರಸ್ತೆ ಕಾಣುತ್ತಿರಲಿಲ್ಲ. ಜನರ ತಲೆಗಳು, ಟೋಪಿಗಳು, ಸರಳಿಗೆ ನೇತುಹಾಕಿದ ಒಂದು ಚೀಲ. ಮೊದಮೊದಲು ಮೇಷ್ಟ್ರಿಗೆ ಕಣ್ಣು ಕಟ್ಟಿ ಕಾಡಿನಲ್ಲಿ ಬಿಟ್ಟ ಹಾಗಾಯಿತು. ಎದುರಿಗೆ ಏನು ಬರುತ್ತಿದೆಯೋ, ಅವನು ಎಲ್ಲಿ ನೋಡುತ್ತಿದ್ದಾನೋ. ಒಂದು ತಿರುವು ಹೋಯಿತು, ಕಾಲು ಒತ್ತಿತು. ಇನ್ನೊಂದು ಹೋಯಿತು. ಮೂರನೆಯದೋ ನಾಲ್ಕನೆಯದೋ ತಿರುವಿಗೆ ಕಾಲಿಗೆ ತಿರುವು ಬಂದದ್ದೇ ತಿಳಿಯಲಿಲ್ಲ. ಬೇರೇನೂ ಮಾಡಲು ತೋಚದೆ ಅವರು ಕುತ್ತಿಗೆ ತಿರುಗಿಸಿ ಕಿಟಕಿಯ ಆಚೆ ನೋಡಿದರು. ಕೊಳವೆಯ ತುದಿಯಲ್ಲಿ ಒಂದು ಹುಲ್ಲಿನ ಬಣವೆ ಬಂತು, ಹೋಯಿತು. ಆಮೇಲೆ ಒಂದು ಕೆಂಪು ಬಾಗಿಲು. ಆಮೇಲೆ ಬೇಲಿಯ ಮೇಲೆ ಕೂತು ಸೇಬು ತಿನ್ನುತ್ತಿದ್ದ ಒಬ್ಬ ಮನುಷ್ಯ, ಅವನ ಗಡ್ಡ, ಗಡ್ಡದಲ್ಲಿ ಸಿಕ್ಕಿದ ಸೇಬಿನ ಚೂರು. ಎಲ್ಲ ಒಟ್ಟಿಗೆ ಬರುತ್ತಿರಲಿಲ್ಲ, ಒಂದಾದ ಮೇಲೊಂದು ಬರುತ್ತಿತ್ತು, ಆದರೆ ಬಂದದ್ದು ಸ್ಪಷ್ಟವಾಗಿ ಬರುತ್ತಿತ್ತು. ಇದನ್ನೆಲ್ಲ ನಿಲ್ಲಿಸಿ ಎಂದು ಯಾರೂ ತಮಗೆ ಹೇಳುತ್ತಿಲ್ಲ, ಯಾವುದಕ್ಕೂ ತಾವು ಜವಾಬ್ದಾರರಲ್ಲ. ಎಂಥ ಹಗುರ! ಅವರಿಗೆ ನಾಚಿಕೆಯಾಗುವಷ್ಟು ಹಗುರವಾಯಿತು. ಭುಜಗಳು ಎಷ್ಟು ಮೇಲೆ ಏರಿದ್ದವೆಂಬುದು ಅವು ಇಳಿದಾಗ ತಿಳಿಯಿತು. ಹೆಂಡತಿಯ ಹೆಗಲಿಗೆ ಒರಗಿ ಅವರು ಗೊರಕೆ ಹೊಡೆದರು. ಮಧ್ಯಾಹ್ನದ ಬಿಸಿಲಿನಲ್ಲಿ ಇಳಿಯಬೇಕಾದ ಊರು ಬಂದಾಗ ಅವಳೇ ಎಬ್ಬಿಸಿದಳು.

ಉಳಿದುಕೊಂಡ ಮನೆ ರಸ್ತೆಯ ಕೊನೆಯಲ್ಲಿತ್ತು. ಪ್ರವಾಸಿಗಳಿಗೆಂದು ಎರಡು ಕೋಣೆ ಬಾಡಿಗೆಗೆ ಕೊಡುವ ಮನೆ. ಕೆಳಗೆ ಮನೆಯೊಡತಿ ಮತ್ತು ಅವಳ ತಂದೆ. ಕಿಟಕಿಯ ಪರದೆಯಿಂದ ಹಿಡಿದು ಸೋಪಿನ ಬಟ್ಟಲಿನವರೆಗೆ ಎಲ್ಲವೂ ಒಗೆದು ಒಣಗಿಸಿದ ವಾಸನೆ. ಮನೆಯೊಡತಿ ಮಾತಿನ ಮಲ್ಲಿ. ಮರುದಿನ ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಹೆಂಡತಿ ಚೀಲದಿಂದ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದಿಟ್ಟಾಗ ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅದನ್ನು ಅಷ್ಟು ದೂರ ಹೊತ್ತು ತಂದಿದ್ದಾಳೆಂದು ಅವರಿಗೆ ಗೊತ್ತೇ ಇರಲಿಲ್ಲ.

"ಇದೇ ಕೆರೆನಾ ನೋಡಿ ಹೇಳಿ ತಾಯಿ."

ಮನೆಯೊಡತಿ ಮುಚ್ಚಳವನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. "ಇದೇ ಅಂತ ಹೇಳಲ್ಲ, ಅಲ್ಲ ಅಂತಾನೂ ಹೇಳಲ್ಲ. ನಮ್ಮ ಮೇಲಿನ ಕೆರೆ ಹೀಗೇ ಇದೆ. ಆದ್ರೆ ಇವತ್ತು ಅಲ್ಲಿಗೆ ಬಸ್ಸಿಲ್ಲವಲ್ಲ."

"ನಾಳೆ ನಾವು ಹೊರಡ್ಬೇಕು," ಎಂದಳು ಹೆಂಡತಿ. ಮುಚ್ಚಳವನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಅವಳು ದೂರಲಿಲ್ಲ, ನಿಟ್ಟುಸಿರೂ ಬಿಡಲಿಲ್ಲ. ಒರೆಸಿದಳು, ಹಾಕಿಕೊಂಡಳು.

"ಅದಕ್ಯಾಕೆ ಮುಖ ಸಪ್ಪೆ ಮಾಡ್ಕೊತೀರಾ! ನನ್ನ ಗಾಡಿ ತಗೊಂಡು ಹೋಗಿ. ನಿಮ್ಮೆಜಮಾನ್ರು ಡ್ರೈವಿಂಗ್ ಕಲಿಸೋರು ಅಂತ ನೀವೇ ನಿನ್ನೆ ಹೇಳಿದ್ರಲ್ಲ," ಎಂದು ಮನೆಯೊಡತಿ ಗೋಡೆಯ ಮೊಳೆಯಿಂದ ಬೀಗದ ಕೈ ತೆಗೆದು ಟಣ್ ಎಂದು ಮೇಷ್ಟ್ರ ತಟ್ಟೆಯ ಪಕ್ಕ ಇಟ್ಟಳು. "ರಸ್ತೆ ಸ್ವಲ್ಪ ಸಪೂರ. ಒಂದು ಕಡೆ ಬೆಟ್ಟ, ಒಂದು ಕಡೆ ಬರೀ ಗಾಳಿ. ನಿಮ್ಮಂಥೋರಿಗೆ ಅದೆಲ್ಲ ಯಾವ ಲೆಕ್ಕ."

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಆ ಮುಖದಲ್ಲಿ ಏನೋ ಬಂದು ಹೋಯಿತು. ಆಸೆ ಎಂದು ಅವರು ಓದಿಕೊಂಡರು. "ನಿಮಗೆ ಹೇಗನ್ಸುತ್ತೋ ಹಾಗೆ," ಎಂದಳು ಅವಳು ಮೆಲ್ಲಗೆ. ಕೊಟ್ಟದ್ದು ಒಂದೇ ಒಂದು ಮಾತು, ಅದನ್ನೂ ನಡೆಸದಿದ್ದರೆ ನಾನೆಂಥ ಗಂಡಸು. ಅವರ ಕೈ ತನ್ನ ಪಾಡಿಗೆ ತಾನು ಬೀಗದ ಕೈಯನ್ನು ಎತ್ತಿಕೊಂಡಿತು. ಅವರ ಅಂಗಾಂಗಗಳೆಲ್ಲ ಈಚೆಗೆ ಅವರನ್ನು ಕೇಳದೆ ಕೆಲಸ ಮಾಡುತ್ತಿದ್ದವು. "ಹೋಗೋಣ," ಎಂದರು. "ನಿಧಾನಕ್ಕೆ ಹೋದ್ರಾಯ್ತು."

ಅಂಗಳದಲ್ಲಿ ಗಾಡಿ ಬಿಸಿಲಿಗೆ ಬೆನ್ನು ಕಾಯಿಸುತ್ತಾ ನಿಂತಿತ್ತು. ಹೆಂಡತಿ ಶಾಲು ತರಲು ಮೇಲೆ ಹೋದಳು. ಮೇಷ್ಟ್ರು ಒಳಗೆ ಕೂತರು. ಸೀಟು ಹಿಂದಕ್ಕೆ ಸರಿಸಿದರು, ಕನ್ನಡಿ ತಿರುಗಿಸಿದರು, ಕಲಿಯುವವರಿಗೆ ಹೇಳುತ್ತಿದ್ದ ಮಂತ್ರವನ್ನು ಮನಸ್ಸಿನಲ್ಲೇ ಹೇಳಿಕೊಂಡರು: ಹಿಂದೆ, ಪಕ್ಕ, ಮುಂದೆ, ಹಿಂದೆ, ಪಕ್ಕ, ಮುಂದೆ. ಎಂಜಿನ್ನು ಗುರುಗುಟ್ಟಿತು. ಎಷ್ಟು ಮುದ್ದಾದ ಸದ್ದು. ಕೈಗೆ ಚಕ್ರ ಸಿಕ್ಕ ಕೂಡಲೇ ಎದೆಯಲ್ಲಿ ಹಳೆಯ ಬಿಂಕ ಎದ್ದು ಕೂತಿತು. ಡಾಕ್ಟರಿಗೇನು ಗೊತ್ತು, ಬೋಗುಣಿಯೊಳಗೆ ಮಿಣುಕಿಸಿ ಆಟ ಆಡ್ತಾರೆ. ರಸ್ತೆ ಬೇರೆ, ಬೋಗುಣಿ ಬೇರೆ. ಕುತ್ತಿಗೆ ತಿರುಗಿಸಿಕೊಂಡು ಓಡಿಸಿದರಾಯಿತು, ಗೂಬೆ ಓಡಿಸಲ್ವಾ. ಗೂಬೆ ಓಡಿಸುವುದಿಲ್ಲ ಎಂಬುದು ಹೊಳೆದು ಅವರಿಗೇ ನಗು ಬಂತು. ಹಿಂದಕ್ಕೆ ತೆಗೆಯಲು ಗೇರು ಹಾಕಿದರು. ಹಿಂದೆ, ಪಕ್ಕ, ಮುಂದೆ. ಎಲ್ಲ ಖಾಲಿ.

"ಕನ್ನಡಿ ಸರಿ ಮಾಡ್ಕೊಂಡ್ರಾ? ನನ್ನ ಮಗಳು ಕುಳ್ಳಿ," ಎಂದಿತು ಒಂದು ದನಿ, ಕಿವಿಯ ಪಕ್ಕದಲ್ಲೇ.

ಮೇಷ್ಟ್ರು ಕುತ್ತಿಗೆಯನ್ನು ಪೂರ್ತಿ ತಿರುಗಿಸಿದರು. ಹಿಂದಿನ ಚಕ್ರದಿಂದ ಒಂದು ಮೊಳ ಆಚೆ, ಮಣೆಯ ಮೇಲೆ, ಮನೆಯೊಡತಿಯ ತಂದೆ ಕಾಲು ಚಾಚಿಕೊಂಡು ಬಟಾಣಿ ಸುಲಿಯುತ್ತಾ ಕೂತಿದ್ದರು. ತೊಡೆಯ ಮೇಲೆ ಪಾತ್ರೆ, ಸುತ್ತ ಸಿಪ್ಪೆ.

"ನೀವು... ಯಾವಾಗ ಬಂದ್ರಿ?"

"ನಾನೆಲ್ಲಿ ಬಂದೆ? ಬೆಳಗಿಂದ ಇಲ್ಲೇ ಇದೀನಲ್ಲ. ನೀವು ಬಂದಾಗ ಕೈ ಎತ್ತಿದೆ, ನೀವು ನೋಡ್ದೇ ಹೋಗಿ ಒಳಗೆ ಕೂತ್ರಿ. ಏನೋ ಯೋಚನೇಲಿದ್ದಾರೆ ಅಂತ ಸುಮ್ಮನಾದೆ." ಮುದುಕರು ಒಂದು ಬಟಾಣಿಯನ್ನು ಬಾಯಿಗೆ ಹಾಕಿಕೊಂಡರು. ಮುಖದಲ್ಲಿ ಕಿಂಚಿತ್ತೂ ದೂರಿಲ್ಲ. ಅವರ ಚಾಚಿದ ಕಾಲಿನ ತುದಿಯಲ್ಲಿ, ಉಣ್ಣೆಯ ಕಾಲುಚೀಲದ ತೂತಿನಿಂದ, ಹೆಬ್ಬೆರಳು ಇಣುಕುತ್ತಿತ್ತು. ಅದನ್ನು ಮಾತ್ರ ಮೇಷ್ಟ್ರು ಸ್ಪಷ್ಟವಾಗಿ, ಭೂತಗನ್ನಡಿ ಹಿಡಿದ ಹಾಗೆ, ನೋಡಿದರು. ಆ ಹೆಬ್ಬೆರಳು ಬದುಕಿತ್ತು. ಸುಮ್ಮನೆ ಅಲ್ಲಾಡುತ್ತಿತ್ತು. ಮುದುಕರು ಬಾಯಿ ತೆರೆಯದೆ ಇದ್ದಿದ್ದರೆ, ಅವರಿಗೆ ಮಗಳು ಕುಳ್ಳಿ ಎಂದು ಹೇಳುವ ಚಪಲ ಇಲ್ಲದಿದ್ದರೆ... ಎಂಜಿನ್ನು ಆರಿಸಿದರು. ಬೀಗದ ಕೈ ತೆಗೆದರು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಮುಷ್ಟಿಯಲ್ಲಿ ಹಿಡಿದುಕೊಂಡರು. ಬೆವರು ಕತ್ತಿನಿಂದ ಇಳಿಯುತ್ತಿತ್ತು.

ಹೆಂಡತಿ ಶಾಲು ಹೊದ್ದು ಬಂದು ಪಕ್ಕದಲ್ಲಿ ಕೂತಳು. ಬೆಲ್ಟು ಹಾಕಿಕೊಂಡಳು. ಬಾಗಿಲಿನ ಮೇಲಿನ ಹಿಡಿಯನ್ನು ಒಂದು ಕೈಯಲ್ಲಿ ಹಿಡಿದಳು, ಚೀಲವನ್ನು ಇನ್ನೊಂದರಲ್ಲಿ ಎದೆಗೆ ಅವುಚಿಕೊಂಡಳು. ಹಾಗೆ ಕೂರುವುದು ಅವಳ ಯಾವತ್ತಿನ ರೂಢಿ. ಮೇಷ್ಟ್ರು ಅದನ್ನು ಎಷ್ಟೋ ಸಾವಿರ ಸಲ ನೋಡಿದ್ದರು, ಅಥವಾ ಅವರ ಕಣ್ಣಂಚಿನಲ್ಲಿ ಅದು ನಡೆದಿತ್ತು.

"ನನಗೆ ಕಾಣಿಸ್ತಾ ಇಲ್ಲ ಕಣೇ," ಎಂದರು.

"ಏನು ಕಾಣಿಸ್ತಾ ಇಲ್ಲ?"

"ಪಕ್ಕ. ಎರಡೂ ಕಡೆ. ಆ ಯಜಮಾನ್ರು ಅಲ್ಲಿ ಕೂತಿದ್ದಾರೆ ನೋಡು, ಅವರು ಕಾಣಿಸ್ಲಿಲ್ಲ. ಹೆಚ್ಚೂಕಡಿಮೆ ಗಾಡಿ ಹತ್ತಿಸ್ತಿದ್ದೆ. ಗೇರ್‌ಬಾಕ್ಸ್ ಹೋಗಿಲ್ಲ. ಡಾಕ್ಟರು ಓಡಿಸ್ಬೇಡಿ ಅಂದಿದ್ದಾರೆ. ಇನ್ಯಾವತ್ತೂ ಓಡಿಸ್ಬೇಡಿ ಅಂದಿದ್ದಾರೆ. ನಿನಗೆ ಹೇಳೋಕೆ ಬಾಯಿ ಬರ್ಲಿಲ್ಲ." ಇಷ್ಟನ್ನೂ ಅವರು ಚಕ್ರಕ್ಕೆ ಹೇಳಿದರು. ಅವಳ ಕಡೆ ತಿರುಗಲಿಲ್ಲವಾದ್ದರಿಂದ ಅವಳು ಅವರ ಪಾಲಿಗೆ ಅಲ್ಲಿ ಇರಲೇ ಇಲ್ಲ; ಬರೀ ಅವಳ ಉಸಿರು ಕೇಳುತ್ತಿತ್ತು. ಅಳುತ್ತಾಳೆ ಎಂದುಕೊಂಡರು. ಅಳಲಿ. ನನ್ನ ಜಂಬದ ಪಟಾಕಿ ಠುಸ್ ಎಂದಿತಲ್ಲ.

"ಅಬ್ಬಾ!" ಎಂಬ ಸದ್ದು ಬಂತು.

ಅದು ಅಳು ಅಲ್ಲ. ದಿನವಿಡೀ ಹೊತ್ತ ಕೊಡವನ್ನು ಇಳಿಸಿದವರು ಬಿಡುವ ಉಸಿರು. ಮೇಷ್ಟ್ರು ತಿರುಗಿ ನೋಡಿದರು. ಹೆಂಡತಿ ಬಾಗಿಲಿನ ಹಿಡಿಯನ್ನು ಬಿಟ್ಟಿದ್ದಳು. ಕಣ್ಣು ತುಂಬಿತ್ತು, ಬಾಯಿ ನಗುವನ್ನು ತಡೆಯಲಾರದೆ ಸೊಟ್ಟಗಾಗಿತ್ತು.

"ಇನ್ಯಾವತ್ತೂ ಓಡಿಸಲ್ಲ ತಾನೆ?"

"ಇಲ್ಲ."

"ನನ್ನಾಣೆ?"

"ನಿನ್ನಾಣೆ. ಆದ್ರೆ ನೀನು ಯಾಕೆ..."

"ತಪ್ಪು ತಿಳ್ಕೋಬೇಡಿ. ನಿಮ್ಮ ಕಣ್ಣಿಗೆ ಹೀಗಾಯ್ತಲ್ಲ ಅಂತ ಹೊಟ್ಟೆ ಉರೀತಿದೆ. ಒಬ್ಬರೇ ಡಾಕ್ಟರ ಹತ್ರ ಹೋಗಿ ಬಂದ್ರಲ್ಲ, ಅದಕ್ಕೆ ಆಮೇಲೆ ನಿಮ್ಮನ್ನ ವಿಚಾರಿಸ್ಕೋತೀನಿ. ಆದ್ರೂ ಈಗ, ಏನ್ ಮಾಡ್ಲಿ, ನಗು ಬರ್ತಿದೆ ನನಗೆ." ಅವಳು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು. "ನಿಮ್ಮ ಪಕ್ಕ ಕೂತು ನನ್ನ ಜೀವ ಯಾವತ್ತೂ ಕೈಯಲ್ಲೇ ಇತ್ತು ಕಣ್ರೀ."

"ನನ್ನ ಪಕ್ಕ? ನಾನು ಊರಿಗೇ ಕಲಿಸಿದೋನು!"

"ಕಲಿಸಿದ್ರಿ, ಯಾರು ಇಲ್ಲ ಅಂದ್ರು? ಆದ್ರೆ ಗಾಡಿ ಓಡಿಸುವಾಗ ನೀವು ರಸ್ತೆ ಎಲ್ಲಿ ನೋಡ್ತಿದ್ರಿ? ಬೇರೆಯವರ ತಪ್ಪು ನೋಡ್ತಿದ್ರಿ. ಅವನು ನೋಡು ಹೇಗೆ ತಿರುಗಿಸ್ದ, ಇವಳು ನೋಡು ಸಿಗ್ನಲ್ ಹಾಕ್ಲಿಲ್ಲ. ಕುತ್ತಿಗೆ ಆ ಕಡೆ, ಬಾಯಿ ನನ್ನ ಕಡೆ. ನಾನು ಹೂಂ ಹೂಂ ಅಂತ ರಸ್ತೆ ನೋಡ್ತಾ ಕೂತಿರ್ತಿದ್ದೆ. ಯಾರಾದ್ರೂ ಒಬ್ಬರು ನೋಡ್ಬೇಕಲ್ಲ! ಮದುವೆ ಆದಾಗಿಂದ ನಾವು ಎಷ್ಟು ಕಡೆ ಹೋಗಿದೀವಿ, ಒಂದು ಬೆಟ್ಟ ನೋಡಿದ ನೆನಪಿಲ್ಲ ನನಗೆ. ನಿನ್ನೆ ಬಸ್ಸಲ್ಲಿ ನೋಡಿದೆ. ಕುದುರೆ ಮರಿ ನೋಡಿದೆ."

ಮೇಷ್ಟ್ರಿಗೆ ಸಿಟ್ಟು ಬರಬೇಕಿತ್ತು. ಬರಲಿ ಎಂದು ಒಂದು ಕ್ಷಣ ಕಾದರು. ಬಂದದ್ದು ಬೇರೆ ಏನೋ. ಎದೆಯ ಮೇಲೆ ಕೂತಿದ್ದ ಯಾರೋ ಎದ್ದುಹೋದ ಹಾಗೆ. ಇಳಿಸಿಬಿಟ್ಟರೆ ಏನಾಗಿ ಉಳಿಯುತ್ತೇನೆ ಎಂದು ಅವರು ಹೆದರಿದ್ದ ಆ ನಂಬಿಕೆ ಅವಳ ಕಣ್ಣಿನಲ್ಲಿ ಯಾವತ್ತೂ ಇರಲೇ ಇಲ್ಲ. ಅದಿಲ್ಲದೆಯೂ ಅವಳು ಪ್ರತಿಸಲ ಬಂದು ಪಕ್ಕದಲ್ಲಿ ಕೂತಿದ್ದಳು. "ಮತ್ತೆ ಈಗ ಯಾಕೆ ಹತ್ತಿದೆ, ಬೇಡ ಅನ್ನಬಹುದಿತ್ತಲ್ಲ?" ಎಂದರು.

"ನೀವು ಅಷ್ಟು ಆಸೆಯಿಂದ ಬೀಗದ ಕೈ ತಗೊಂಡ್ರಲ್ಲ," ಎಂದಳು ಅವಳು.

ಬಟಾಣಿ ಸುಲಿಯುತ್ತಿದ್ದ ಮುದುಕರು ತಲೆ ಎತ್ತಲಿಲ್ಲ. "ಹಾಲಿನ ವ್ಯಾನು ಇನ್ನೇನು ಬರುತ್ತೆ," ಎಂದರು ಪಾತ್ರೆಗೆ. "ಕೆರೆ ಪಕ್ಕದ ಮನೆಗಳಿಂದ ಕ್ಯಾನು ತರೋಕೆ ದಿನಾ ಹೋಗುತ್ತೆ. ಮೊದಲೇ ಕೇಳಿದ್ರೆ ಹೇಳ್ತಿದ್ದೆ."

ವ್ಯಾನು ಓಡಿಸುತ್ತಿದ್ದವಳು ಗಟ್ಟಿಮುಟ್ಟಾದ, ತೋಳು ಮಡಚಿದ ಅಂಗಿಯ ಹೆಂಗಸು. ಹತ್ತಿ ಹತ್ತಿ, ಜಾಗ ಬೇಕಾದಷ್ಟಿದೆ, ಎಂದಳು. ಜಾಗವೇನೂ ಬೇಕಾದಷ್ಟಿರಲಿಲ್ಲ. ಮುಂದಿನ ಉದ್ದ ಸೀಟಿನಲ್ಲಿ ಅವಳು, ನಡುವೆ ಹೆಂಡತಿ, ಬಾಗಿಲ ಪಕ್ಕ ಮೇಷ್ಟ್ರು. ಹಿಂದೆ ಖಾಲಿ ಕ್ಯಾನುಗಳು ಮದುವೆ ಮನೆಯ ವಾದ್ಯದ ಹಾಗೆ ಢಣಢಣ ಅನ್ನುತ್ತಿದ್ದವು. ರಸ್ತೆ ಮನೆಯೊಡತಿ ಹೇಳಿದ್ದಕ್ಕಿಂತ ಸಪೂರವಿತ್ತು. ವ್ಯಾನಿನವಳು ಒಂದೇ ಕೈಯಲ್ಲಿ ತಿರುಗಿಸುತ್ತಿದ್ದಳು, ಇನ್ನೊಂದು ಕೈಯಲ್ಲಿ ಬ್ರೆಡ್ಡು ತಿನ್ನುತ್ತಿದ್ದಳು. ಮೇಷ್ಟ್ರ ಬಾಯಿಗೆ ಮಾತು ಬಂತು. ಎರಡು ಕೈಯಲ್ಲಿ ಹಿಡ್ಕೊಳ್ಳಮ್ಮ, ಎಂದು ಹೇಳಲು ನಾಲಗೆ ಎದ್ದು, ಹಲ್ಲಿನ ತನಕ ಬಂದು, ಅಲ್ಲೇ ಕೂತಿತು. ಅವರಿಗೆ ತಮ್ಮ ಬಗ್ಗೆ ಹೆಮ್ಮೆಯಾಯಿತು.

ಆಗ ಒಂದು ಕಡಿದಾದ ತಿರುವು ಬಂತು. ಮೇಷ್ಟ್ರ ಬಲಗಾಲು ಮುಂದೆ ಹೋಗಿ ನೆಲವನ್ನು ಒತ್ತಿತು. ಅದೇ ಗಳಿಗೆಗೆ, ಅದರ ಪಕ್ಕದಲ್ಲೇ, ಚಪ್ಪಲಿ ತೊಟ್ಟ ಇನ್ನೊಂದು ಪಾದ ಮುಂದೆ ಹೋಗಿ ನೆಲವನ್ನು ಒತ್ತಿತು. ಅವರು ತಲೆ ಬಗ್ಗಿಸಿ ಅದನ್ನೇ ನೋಡಿದರು. ಹೆಂಡತಿಯ ಬಲಪಾದ. ಬೆರಳುಗಳು ಬಿಳಿಚಿಕೊಳ್ಳುವಷ್ಟು ಗಟ್ಟಿಯಾಗಿ, ಪಳಗಿದ ಕಾಲಿನ ಹದದಲ್ಲಿ, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ತಿರುವು ಮುಗಿದ ಕೂಡಲೇ ಸಡಿಲಿತು. ಮೇಷ್ಟ್ರಿಗೆ ತಮ್ಮ ಗಾಡಿಯ ಮ್ಯಾಟು ನೆನಪಾಯಿತು. ರಜೆಯ ದಿನ ಗಾಡಿ ಗುಡಿಸುವಾಗಲೆಲ್ಲ ಅವರಿಗೆ ಅದೊಂದು ತಲೆನೋವು: ಅವಳ ಕಡೆಯ ಮ್ಯಾಟು ಬಲಗಾಲಿನ ಜಾಗದಲ್ಲಿ ಸವೆದು ಸವೆದು ತೂತಾಗುತ್ತಿತ್ತು. ಹೊಸದು ತಂದು ಹಾಕಿದರೆ ಅದೂ ಅಲ್ಲೇ ಸವೆಯುತ್ತಿತ್ತು. ಅಂಗಡಿಯವನ ಜೊತೆ ಜಗಳ ಕಾದಿದ್ದರು. ಅವಳ ಎತ್ತರದ ಹಿಮ್ಮಡಿಯ ಚಪ್ಪಲಿಗೆ ಬೈದಿದ್ದರು. ಸುಮ್ಮನೆ ಕೂತ್ಕೊಳ್ಳೋಕೂ ಬರಲ್ವಲ್ಲ ನಿನಗೆ, ಎಂದು ಗದರಿದ್ದರು. ಅವಳು ಆಮೇಲೆ ಹಿಮ್ಮಡಿಯಿಲ್ಲದ ಚಪ್ಪಟೆ ಚಪ್ಪಲಿ ಹಾಕಿಕೊಂಡು ಬರತೊಡಗಿದಳು. ಮ್ಯಾಟು ಸವೆಯುತ್ತಲೇ ಇತ್ತು.

"ಆ ಮ್ಯಾಟು..." ಎಂದರು ಮೇಷ್ಟ್ರು.

ಹೆಂಡತಿ ತನ್ನ ಪಾದವನ್ನು ನೋಡಿದಳು, ಅವರ ಪಾದವನ್ನು ನೋಡಿದಳು. ಮುಖ ಕೆಂಪಾಯಿತು. "ಹೂಂ," ಎಂದಳು.

ಅವರಿಗೆ ನಗು ಬಂತು. ಹೊಟ್ಟೆಯ ಬುಡದಿಂದ ಬಂತು, ತಡೆಯಲಾಗಲಿಲ್ಲ. ಅವಳೂ ನಕ್ಕಳು. ಅವಳ ಹೆಗಲು ಅವರ ಹೆಗಲಿಗೆ ಬಡಿಯುತ್ತಿತ್ತು, ಕ್ಯಾನುಗಳು ಹಿಂದಿನಿಂದ ಸಾಥ್ ಕೊಡುತ್ತಿದ್ದವು. "ಏನು ಸಮಾಚಾರ, ನಮಗೂ ಹೇಳಿ," ಎಂದಳು ವ್ಯಾನಿನವಳು ಬ್ರೆಡ್ಡು ತುಂಬಿದ ಬಾಯಿಂದ.

"ಏನಿಲ್ಲಮ್ಮ," ಎಂದರು ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಾ. "ನೀನು ನಿನ್ನ ಪಾಡಿಗೆ ಓಡಿಸು. ಇಲ್ಲಿ ಇನ್ನೆರಡು ಬ್ರೇಕಿದೆ."

ಮುಂದಿನ ತಿರುವಿಗೆ ಎರಡೂ ಕಾಲು ಹೋದವು, ಆದರೆ ಅರೆಮನಸ್ಸಿನಿಂದ. ಅದರ ಮುಂದಿನದಕ್ಕೆ ಅವರದೊಂದೇ ಹೋಯಿತು. ರೂಢಿಯಂತೆ ಅವರು ಎದುರಿನ ರಸ್ತೆಯನ್ನೇ ನೋಡುತ್ತಾ ಕೂತಿದ್ದರು. ಬಿಸಿಲು ಬಿದ್ದ, ಗುಂಡಿಬಿದ್ದ, ಯಾರೋ ಓಡಿಸುತ್ತಿರುವ ರಸ್ತೆ. ಒಂದು ತಣ್ಣನೆಯ ಕೈ ಬಂದು ಅವರ ಗಲ್ಲವನ್ನು ಹಿಡಿಯಿತು.

"ರಸ್ತೆ ಅವಳು ನೋಡ್ಕೋತಾಳೆ. ಈ ಕಡೆ ನೋಡಿ," ಎಂದು ಹೆಂಡತಿ ಅವರ ಮುಖವನ್ನು ಮೆಲ್ಲಗೆ ಕಿಟಕಿಯ ಕಡೆ ತಿರುಗಿಸಿದಳು.

ಕೆರೆ ಅಲ್ಲಿತ್ತು. ಡಬ್ಬಿಯ ಮುಚ್ಚಳದಲ್ಲಿದ್ದಷ್ಟು ನೀಲಿಯಾಗಿರಲಿಲ್ಲ, ದೋಣಿಯೂ ಇರಲಿಲ್ಲ. ಮೇಷ್ಟ್ರು ಅದನ್ನು ಚೂರುಚೂರಾಗಿ, ಈ ದಡದಿಂದ ಆ ದಡದವರೆಗೆ, ಪೂರ್ತಿ ನೋಡಿದರು. ಗಲ್ಲದ ಮೇಲಿನ ಕೈ ಹಾಗೇ ಇತ್ತು. "ಕಾಣಿಸ್ತಾ ಇದೆಯಾ?" ಎಂದಳು ಅವಳು. ಅವರು ಹೂಂ ಎಂದರು. ಈ ಸಲದ ಹೂಂ ಸುಳ್ಳಾಗಿರಲಿಲ್ಲ.